ಹಳೇ ಫೈಲು ಬಿಡಿ, ಮಕ್ಕಳ ಮಾತು ಕೇಳಿ

ಹೋದ ತಿಂಗಳು ಇದೇ ಪುಟದಲ್ಲಿ, ಒಂದರಿಂದ ಐದನೇ ತರಗತಿವರೆಗಿನ ಕನ್ನಡ ಕಲಿಕೆ ಬಗ್ಗೆ ಏನೇ ಪ್ರಶ್ನೆ ಇದ್ದರೂ ಬರೆದು ಕಳಿಸಿ ಅಂದಿದ್ದೆ. ಹತ್ತು ಹನ್ನೆರಡು ಕಾಗದ ಬರಬಹುದು ಅಂದುಕೊಂಡಿದ್ದೆ, ಮೇಜು ತುಂಬಿತು. ಬಹುಪಾಲು ಶಿಕ್ಷಕರವೇ. ಒಂದೆರಡು ಮಳೆಗೆ ನೆನೆದು ಶಾಯಿ ಹರಡಿಹೋಗಿತ್ತು. ಓದೋಕೆ ಆದವುಗಳಲ್ಲಿ ಆರನ್ನು ಎತ್ತಿಕೊಂಡಿದ್ದೇನೆ. ಹೆಸರು ಹಾಕಿಲ್ಲ, ಹಾಕಬೇಡಿ ಅಂತ ಹಲವರು ಕೇಳಿಕೊಂಡಿದ್ದಾರೆ.

ಪ್ರಶ್ನೆ: ಮೇಡಂ, ನಾನು ಡಿ.ಇಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಎರಡನೇ ವರ್ಷದಲ್ಲಿದ್ದೇನೆ. ಇಂಟರ್ನ್‌ಶಿಪ್‌ನಲ್ಲಿ ನಾಲ್ಕನೇ ತರಗತಿಗೆ ನಾಲ್ಕು ವಾರದ ಕನ್ನಡ ಕಾರ್ಯಕ್ರಮವನ್ನು ನಾವೇ ರೂಪಿಸಬೇಕಂತೆ. ನನಗೆ ಗೊತ್ತಿರೋದು ಪಾಠಯೋಜನೆ ಬರೆಯೋದು ಮಾತ್ರ. ಗೆಳತಿಯರು ಸೀನಿಯರ್‌ಗಳ ಫೈಲ್ ಇಸ್ಕೊಂಡು ನಕಲು ಮಾಡುತ್ತಿದ್ದಾರೆ. ನಾನು ಎಲ್ಲಿಂದ ಶುರು ಮಾಡಲಿ?
– ಒಬ್ಬ ವಿದ್ಯಾರ್ಥಿನಿ, ಸಾಗರ

ಉತ್ತರ: ಮೊದಲು ಆ ಫೈಲನ್ನು ವಾಪಸ್ ಕೊಡು ಮಾರಾಯ್ತಿ. ನಕಲು ಪಾಪ ಅಂತ ಬುದ್ಧಿ ಹೇಳುತ್ತಿಲ್ಲ, ಆಗಿನ ಶಿಕ್ಷಕ ತರಬೇತಿ ಟಿಸಿಎಚ್ ಓದುವಾಗ ನಾವೂ ಮಾಡಿದವರೇ. ಆದರೆ ಆ ಫೈಲು ಬೇರೆ ಊರಿನ ಮಕ್ಕಳಿಗೆ ಬರೆದದ್ದು. ನಿಜ ಹೇಳಬೇಕಂದ್ರೆ ಯಾವ ಮಕ್ಕಳಿಗೂ ಬರೆದದ್ದಲ್ಲ, ಸಹಿ ಹಾಕುವವರಿಗೆ ಬರೆದದ್ದು.

ಪಾಠಯೋಜನೆ ಇವತ್ತಿನ 40 ನಿಮಿಷದ್ದು. ಕಾರ್ಯಕ್ರಮ ಅಂದ್ರೆ, ನಾಲ್ಕು ವಾರ ಕಳೆದ ಮೇಲೆ ಈ ಮಕ್ಕಳು ಇವತ್ತು ಮಾಡೋಕಾಗದ ಏನನ್ನು ಮಾಡುವ ಹಾಗಾಗಬೇಕು ಅಂತ ಮೊದಲು ಗಟ್ಟಿ ಮಾಡಿಕೊಂಡು, ಅಲ್ಲಿಂದ ಹಿಂದೆ ಹಿಂದೆ ಬಂದು ಮೊದಲ ದಿನಕ್ಕೆ ಮುಟ್ಟೋದು. ಉದಾಹರಣೆಗೆ: 'ಈ ಮಳೆಗಾಲದಲ್ಲಿ ತಾನು ಕಂಡ ಒಂದು ಸಂಗತಿಯನ್ನು, ನೋಡದವರಿಗೂ ತಿಳಿಯುವ ಹಾಗೆ ಒಂದು ಪುಟ ಬರೆದು, ಎಲ್ಲರ ಮುಂದೆ ನಿಂತು ಓದುವುದು.' ಗುರಿ ಇಷ್ಟು ಸಾಕು. ಕಲಿಕಾ ಫಲಗಳ ಪಟ್ಟಿಯಿಂದ ಹದಿನೆಂಟು ಸಾಲು ಇಳಿಸಿಕೊಂಡರೆ ಹದಿನೆಂಟೂ ಕಾಗದದಲ್ಲೇ ಉಳಿಯುತ್ತವೆ.

ನಾನು ಕೆಲಸಕ್ಕೆ ಸೇರಿದ ವರ್ಷದ ಕಥೆ ಹೇಳುತ್ತೇನೆ ಕೇಳು. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಶಾಲೆ, ಆಷಾಢದ ಮಳೆ. ಎರಡನೇ ತರಗತಿಯ ಹುಡುಗಿಯೊಬ್ಬಳು ಅರ್ಧ ಗಂಟೆ ತಡವಾಗಿ ಬಂದಳು. ಲಂಗ ಸೊಂಟದವರೆಗೆ ಒದ್ದೆ, ಕಾಲಲ್ಲಿ ಉಂಬಳ ಕಚ್ಚಿದ ರಕ್ತ. 'ಟೀಚರ್, ಕಾಲುಸಂಕ ಹೋಯ್ತು, ಅಪ್ಪ ಹೊತ್ಕೊಂಡು ಹಳ್ಳ ದಾಟಿಸಿದ್ರು, ಅಪ್ಪನ ಒಂದು ಚಪ್ಪಲಿನೂ ಹೋಯ್ತು' ಅಂತ ಒಂದೇ ಉಸಿರಿಗೆ ಶುರು ಮಾಡಿದಳು. ನಾನು 'ಸುಮ್ನೆ ಕೂತ್ಕೋ' ಅಂದೆ. ಬೋರ್ಡಿನ ಮೇಲೆ 'ಋ – ಋಷಿ' ಬರೆದಿದ್ದೆ. ಆ ಮಗು ಋಷಿಯನ್ನು ಹತ್ತು ಸಲ ಬರೆಯಿತು, ನಾನು ಹತ್ತಕ್ಕೂ ರೈಟ್ ಹಾಕಿದೆ. ಆ ಊರಲ್ಲಿ ಋಷಿ ಯಾರೂ ಇರಲಿಲ್ಲ. ಸಂಕ ಇತ್ತು, ಅದು ಅವತ್ತೇ ಕೊಚ್ಚಿಹೋಗಿತ್ತು. ಒಂದು ತಿಂಗಳಿಗಾಗುವಷ್ಟು ಭಾಷಾಪಾಠ ತಾನಾಗಿ ಹಳ್ಳ ದಾಟಿಕೊಂಡು ಬಂದಿತ್ತು, ನಾನು ಅದನ್ನು ಬಾಯಿ ಮುಚ್ಚಿಸಿ ಕೂರಿಸಿದೆ.

ಅದಕ್ಕೇ ಹೇಳೋದು, ಮೊದಲ ಎರಡು ದಿನ ಕಲಿಸೋಕೆ ಹೋಗಬೇಡ. ಬಿಸಿಯೂಟದ ಸಾಲಿನಲ್ಲಿ ಮಕ್ಕಳ ಜೊತೆ ಕೂರು. ಅವರು ಆಡಿದ್ದನ್ನು ಆಡಿದ ಹಾಗೇ ಒಂದು ನೋಟ್‌ಬುಕ್‌ನಲ್ಲಿ ಬರ್ಕೋ, ತಿದ್ದಬೇಡ. ಮಳೆ ಬಗ್ಗೆ ಈ ಮಕ್ಕಳ ಹತ್ತಿರ ಎಷ್ಟು ಸರಕಿದೆ ಅಂತ ಆಗ ಗೊತ್ತಾಗುತ್ತೆ. ಸೋನೆ ಬೇರೆ, ಜಡಿಮಳೆ ಬೇರೆ ಅಂತ ಅವರಿಗೆ ಗೊತ್ತು. ಹತ್ತುಮೀನು ಹಿಡಿದದ್ದು, ಅಣಬೆ ಎದ್ದ ಜಾಗ, ಕಳಲೆ ತಂದದ್ದು, ಉಂಬಳಕ್ಕೆ ಸುಣ್ಣ ಹಚ್ಚಿದ್ದು, ಅಟ್ಟದ ಮೇಲಿರುವ ಹಳೇ ಗೊರಬು, ಆರಿದ್ರಾ ಆಯ್ತು ಇನ್ನು ಪುನರ್ವಸು ಅಂತ ಅಜ್ಜಿ ಹಾಕುವ ಲೆಕ್ಕ, ಎಲ್ಲ ಬರುತ್ತೆ.

ಆಮೇಲೆ ನಾಲ್ಕು ವಾರ ಹಂಚು. ಮೊದಲ ವಾರ ಮಾತು ಜಾಸ್ತಿ, ಎರಡನೇ ವಾರ ಓದು ಜಾಸ್ತಿ, ಮೂರನೇ ವಾರ ಬರಹ ಜಾಸ್ತಿ, ಕೊನೆಯ ವಾರ ಬರೆದದ್ದನ್ನೇ ಮತ್ತೆ ಕೈಗೆತ್ತಿಕೊಂಡು ತಿದ್ದಿ ಬರೆಯೋದು. ಜಾಸ್ತಿ ಅಂದೆ, ಅದೊಂದೇ ಅಂದಿಲ್ಲ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ಭಾಷೆಗೆ ನಾಲ್ಕು ಭಾಗ ಮಾಡಿದ್ದಾರೆ: ಮೌಖಿಕ ಭಾಷೆ, ಪದ ಗುರುತಿಸುವುದು, ಓದು, ಬರಹ. ಅದು ಎರಡನೇ ತರಗತಿವರೆಗಿನವರಿಗೆ ಹೇಳಿದ್ದು ನಿಜ. ನಾಲ್ಕನೇ ತರಗತಿಯಲ್ಲೂ ಇವುಗಳಲ್ಲಿ ಯಾವುದನ್ನಾದರೂ ವಾರಗಟ್ಟಲೆ ಬಿಟ್ಟರೆ ಮಕ್ಕಳು ಅಲ್ಲೇ ಕುಂಟುತ್ತಾರೆ, ನೋಡಿದ್ದೇನೆ. ಎರಡು ಪಿರಿಯಡ್ ಒಟ್ಟಿಗೆ ಸಿಕ್ಕರೆ 80 ನಿಮಿಷ. ಹತ್ತು ನಿಮಿಷ ನೀನೇ ಒಂದು ಕಥೆಯನ್ನು ಜೋರಾಗಿ ಓದು, ಪ್ರಶ್ನೆ ಕೇಳಬೇಡ, ಸುಮ್ನೆ ಓದು. ಮಿಕ್ಕದ್ದು ಆ ದಿನದ ಹದ ನೋಡಿ.

ವ್ಯಾಕರಣ ಎಲ್ಲಿ ಹಾಕಲಿ ಅಂತ ಮುಂದಿನ ಕಾಗದದಲ್ಲಿ ಕೇಳುತ್ತೀಯ, ಗೊತ್ತು. ಮಳೆ ಧೋ ಅಂತ ಸುರೀತು, ಜಿಟಿಜಿಟಿ ಹಿಡೀತು, ಹೆಂಚಿನ ಮೇಲೆ ಪಟಪಟ ಅಂತು ಅಂತ ಮಕ್ಕಳು ಹೇಳುತ್ತಾರಲ್ಲ, ಅವನ್ನು ಬೋರ್ಡಿನ ಮೇಲೆ ಒಂದು ಕಡೆ ಬರಿ. ಹದಿನೈದು ಇಪ್ಪತ್ತು ಆದ ಮೇಲೆ, ಇವಕ್ಕೆ ಅನುಕರಣಾವ್ಯಯ ಅಂತಾರೆ ಅಂತ ಹೇಳು. ಆವತ್ತು ಕೊಟ್ಟ ಹೆಸರು ಮರೆತುಹೋಗೋದಿಲ್ಲ. ಪಠ್ಯಪುಸ್ತಕವನ್ನು ಬದಿಗಿಡು ಅಂತಲೂ ಹೇಳುತ್ತಿಲ್ಲ. ಅದರಲ್ಲಿ ಮಳೆ, ಹೊಳೆ, ಕಾಡು, ಪ್ರಯಾಣ ಅಂತ ಹತ್ತಿರದ ಪಾಠ ಪದ್ಯ ಇದ್ದರೆ ಎರಡನೇ ವಾರಕ್ಕೆ ಎಳೆದುಕೋ. ಪುಸ್ತಕದ ಕ್ರಮ ತಪ್ಪಿದರೆ ಆಕಾಶ ಕಳಚಿ ಬೀಳಲ್ಲ, ಆದರೆ ತರಗತಿ ಶಿಕ್ಷಕರಿಗೆ ಮೊದಲೇ ಹೇಳು, ಇಲ್ಲದಿದ್ದರೆ ಅವರ ಮೇಲೆ ಬೀಳುತ್ತೆ.

ಕೊನೆಗೆ ಮೌಲ್ಯಮಾಪನ. ಮೊದಲ ವಾರ ಒಂದು ಬರಹ ಬರೆಸಿ ಎತ್ತಿಡು, ಕೊನೆಯ ವಾರದ ಬರಹವನ್ನು ಅದರ ಪಕ್ಕ ಇಟ್ಟು ನೋಡು. ಮೊದಲು ಏನಾಯ್ತು, ಆಮೇಲೆ ಏನಾಯ್ತು ಅನ್ನೋದು ಗೊತ್ತಾಗುತ್ತಾ? ಅಲ್ಲಿ ಇರದವರಿಗೂ ಅರ್ಥ ಆಗುತ್ತಾ? ಇಷ್ಟು ನೋಡಿದ ಮೇಲೆ ಕಾಗುಣಿತಕ್ಕೆ ಬಾ. ನಿನ್ನ ಫೈಲಿನಲ್ಲಿ ಐದು ಮಕ್ಕಳ ಈ ಜೋಡಿ ಬರಹ ಇದ್ದರೆ, ನಕಲು ಮಾಡಿದ ನೂರು ಪುಟಕ್ಕಿಂತ ಅದು ಮೇಲು.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಹೆಚ್ಚಿನವರು ತಾಂಡಾದಿಂದ ಬರುತ್ತಾರೆ, ಮನೆಯಲ್ಲಿ ಲಂಬಾಣಿ. ಮೂರನೇ ತರಗತಿಗೆ ಬಂದರೂ ವರ್ಣಮಾಲೆ ಬಾಯಿಪಾಠ ಹೇಳುತ್ತಾರೆ, ಓದು ಅಂದರೆ ನಿಲ್ಲುತ್ತಾರೆ. ಒತ್ತಕ್ಷರ ಬಂತು ಅಂದರೆ ಮುಗೀತು. ಎಲ್ಲಿ ತಪ್ಪುತ್ತಿದ್ದೇನೆ?
– ಸಹಶಿಕ್ಷಕಿ, ಶಿಕಾರಿಪುರ ತಾಲೂಕು

ಉತ್ತರ: ನೀವು ತಪ್ಪುತ್ತಿಲ್ಲ ಟೀಚರ್, ಅವಸರ ಪಡುತ್ತಿದ್ದೀರಿ. ಅವಸರ ಪಡಿ ಅಂತ ಮೇಲಿನಿಂದಲೂ ಹೇಳುತ್ತಾರೆ ಅನ್ನಿ. 2021ರ ಜುಲೈನಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆಯ ಗುರಿ, ಮೂರನೇ ತರಗತಿ ಮುಗಿಯುವ ಹೊತ್ತಿಗೆ ಪ್ರತಿ ಮಗುವೂ ಓದಿ ಅರ್ಥ ಮಾಡಿಕೊಳ್ಳಬೇಕು ಅಂತ, ಅದಕ್ಕೆ 2026–27ರ ಗಡುವು. ಗುರಿ ಒಳ್ಳೆಯದೇ. ಆದರೆ ಕನ್ನಡದ ಲಿಪಿಯ ಲೆಕ್ಕ ಸ್ವಲ್ಪ ನೋಡಿ. ವ್ಯಂಜನ 34. ಒಂದೊಂದಕ್ಕೂ ಕ ಕಾ ಕಿ ಕೀ ಅಂತ ಕಃ ವರೆಗೆ 15 ರೂಪ. ಅಲ್ಲಿಗೆ 510, ಒತ್ತಕ್ಷರ ಇನ್ನೂ ಮುಟ್ಟಿಲ್ಲ. ಇಂಗ್ಲಿಷಿನ 26 ಅಕ್ಷರದ ಗಡಿಯಾರ ಇಟ್ಟುಕೊಂಡು ನಮ್ಮ ಮಕ್ಕಳನ್ನು ಅಳೆಯೋಕಾಗಲ್ಲ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿಯೋದಿಲ್ಲ, ಮುಂದಿನ ತರಗತಿಗಳಿಗೂ ಚಾಚುತ್ತೆ.

ಬಾಯಿಪಾಠ ಓದಿಗೆ ಯಾಕೆ ಸಹಾಯ ಮಾಡಲ್ಲ ಅಂದರೆ, ಅ ಆ ಇ ಈ ಕಲಿತ ಮಗುವಿಗೆ ಅದರಿಂದ ಓದೋಕೆ ಎಷ್ಟು ಪದ ಸಿಗುತ್ತೆ ಹೇಳಿ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಕಾರ್ಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ನಲಿಯುತ್ತಾ ಕಲಿಯುವ ನಲಿ-ಕಲಿ ಶುರುವಾಯ್ತಲ್ಲ, ಅದರಲ್ಲಿ ಅಕ್ಷರಗಳ ಕ್ರಮವೇ ಬೇರೆ. ರ ಗ ಸ ದ ಅ. ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗದಗ ಎಲ್ಲ ಬಂದುಬಿಡುತ್ತೆ. ಮಗು ಮೊದಲ ವಾರವೇ 'ನಾನು ಓದಿದೆ' ಅನ್ನುತ್ತೆ. ಕಾರ್ಡು ಮೆಟ್ಟಿಲು ಅಂತ ಅದನ್ನು ಯಾಂತ್ರಿಕವಾಗಿ ಮಾಡಿದವರೂ ಇದ್ದಾರೆ, ಆ ಜಗಳ ಇನ್ನೊಂದು ದಿನ ಆಡೋಣ. ಕ್ರಮದ ಹಿಂದಿನ ಯೋಚನೆ ಮಾತ್ರ ಗಟ್ಟಿ.

ಇನ್ನು ಒತ್ತಕ್ಷರ. 'ಕುಸ್ತಿ' ಬರೆದು ಮಗುವಿನ ಕಣ್ಣಿಂದ ನೋಡಿ. ಗುಡಿಸು ಕೂತಿರೋದು ಸ ಮೇಲೆ, ಆ ಇಕಾರ ಕೇಳಿಸೋದು ತ ಆದ ಮೇಲೆ. ಮಗು 'ಕುಸಿತ' ಅಂತ ಓದಿದರೆ ಅದು ದಡ್ಡತನ ಅಲ್ಲ, ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದೆ. ಅರ್ಕಾವತ್ತು ಇನ್ನೂ ತಲೆಹರಟೆ: 'ಸೂರ್ಯ' ಅನ್ನುವಾಗ ಮೊದಲು ಬರುವ ರ್, ಬರೆಯುವಾಗ ಕೊನೆಗೆ ಹೋಗಿ ಕೂರುತ್ತೆ. ಜೊತೆಗೆ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣೋದೇ ಇಲ್ಲ. ಆದ್ದರಿಂದ ಮೊದಲು ಅಕ್ಕ, ಅಪ್ಪ, ಅಜ್ಜ, ಹಗ್ಗ ತರಹದ, ತನ್ನದೇ ಒತ್ತು ಇರುವ, ಆಕಾರ ಗುರುತು ಸಿಗುವ ಪದಗಳು. ಆಮೇಲೆ ಅಮ್ಮ, ಅನ್ನ, ಹುಲ್ಲು. ಬೇರೆ ಬೇರೆ ಅಕ್ಷರ ಕೂಡುವ ಸಂಯುಕ್ತಾಕ್ಷರ ಅದಾದ ಮೇಲೆ, ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ.

ಲಂಬಾಣಿ ಅಡ್ಡಿ ಅಲ್ಲ, ಅದೇ ನಿಮ್ಮ ಮೆಟ್ಟಿಲು. ಕಥೆಯನ್ನು ಮೊದಲು ಅವರ ಮಾತಿನಲ್ಲೇ ಹೇಳಲಿ. ನಿಮಗೆ ಲಂಬಾಣಿ ಬಾರದಿದ್ದರೆ ಇನ್ನೂ ಒಳ್ಳೇದು, ಮಕ್ಕಳೇ ನಿಮಗೆ ಕನ್ನಡದಲ್ಲಿ ವಿವರಿಸಬೇಕಾಗುತ್ತೆ. ಯಾಡಿ, ಬಾಟಿ ಅಂತ ಅವರ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ತಾಯಿ, ರೊಟ್ಟಿ. ತನ್ನ ಮನೆ ಪದ ಗೋಡೆ ಮೇಲೆ ಕಂಡ ಮಗು ಅದರ ಹತ್ತಿರ ಹೋಗಿಯೇ ಹೋಗುತ್ತೆ.

ಪ್ರಶ್ನೆ: ನಾನು ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳ ಕ್ಲಸ್ಟರ್‌ಗೆ ಸಂಪನ್ಮೂಲ ವ್ಯಕ್ತಿ. ಭಾಷಾ ಬೋಧನೆ ಬಗ್ಗೆ ಎಷ್ಟೋ ತರಬೇತಿ ಕೊಟ್ಟಿದ್ದೇನೆ. ಶಿಕ್ಷಕರು ಪಿಪಿಟಿ ನೋಡುತ್ತಾರೆ, ಊಟ ಮಾಡುತ್ತಾರೆ, ಹಾಜರಾತಿ ಹಾಕಿ ಹೋಗುತ್ತಾರೆ. ಶಾಲೆಗೆ ಹೋಗಿ ನೋಡಿದರೆ ಎಲ್ಲ ಮೊದಲಿನ ಹಾಗೇ. ಏನು ಮಾಡಬೇಕು?
– ಭದ್ರಾವತಿ

ಉತ್ತರ: ಪಿಪಿಟಿ ಬಿಡಿ ಸರ್. ಮೊದಲ ಅರ್ಧ ಗಂಟೆ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, 'ನಾನು ಶಾಲೆಗೆ ಹೋದ ಮೊದಲ ದಿನ' ಅಂತ ಬರೆಸಿ. ನೀವೂ ಬರೀರಿ, ಮೇಲ್ವಿಚಾರಣೆ ಮಾಡಬೇಡಿ. ನಾನು ಈ ಆಟ ಹಲವು ಸಲ ಆಡಿಸಿದ್ದೇನೆ. ಐದು ನಿಮಿಷ ಪೆನ್ನಿನ ತುದಿ ಕಚ್ಚುತ್ತಾರೆ, ಪಕ್ಕದವರ ಹಾಳೆ ನೋಡುತ್ತಾರೆ, 'ಎಷ್ಟು ಸಾಲು ಬೇಕು ಮೇಡಂ' ಅಂತ ಕೇಳುತ್ತಾರೆ. ಥೇಟ್ ಮಕ್ಕಳ ಹಾಗೆ! ಒಬ್ಬರು ಓದೋಕೆ ಶುರು ಮಾಡಿದರೆ ಮಾತ್ರ ಕೋಣೆ ನಿಶ್ಶಬ್ದ. ಒಮ್ಮೆ ಹಿರಿಯ ಮೇಷ್ಟ್ರೊಬ್ಬರು ಅರ್ಧಕ್ಕೇ ನಿಲ್ಲಿಸಿ ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿ: ಬರೆಯುವಾಗ ಮೊದಲು ಏನು ನೆನಪಾಯ್ತು? ಕಾಗುಣಿತ ನೆನಪಾಯ್ತಾ? ಮೊದಲು ಯಾರಿಗಾದರೂ ಬಾಯಲ್ಲಿ ಹೇಳಿದ್ದರೆ ಸುಲಭ ಆಗ್ತಿತ್ತಾ? ಇಷ್ಟಾದ ಮೇಲೆ ಬರಹ ಹೇಗೆ ಕಲಿಸಬೇಕು ಅಂತ ಅವರೇ ಹೇಳುತ್ತಾರೆ.

ಎರಡನೆಯದು, ತಿಂಗಳ ಸಮಾಲೋಚನಾ ಸಭೆ ನಿಮ್ಮ ಕೈಯಲ್ಲೇ ಇದೆ. ಸುತ್ತೋಲೆ ಓದೋದನ್ನು ಇಪ್ಪತ್ತು ನಿಮಿಷಕ್ಕೆ ಮುಗಿಸಿ. ಪ್ರತಿ ಶಿಕ್ಷಕರೂ ಮೂರು ಮಕ್ಕಳ ನೋಟ್‌ಬುಕ್ ತರಲಿ: ಚೆನ್ನಾಗಿ ಬರೆಯುವ ಒಂದು, ನಡುವಿನದು ಒಂದು, ಏನೂ ಬರೆಯದ ಒಂದು. ಮೂರನೆಯದನ್ನೇ ಜಾಸ್ತಿ ಹೊತ್ತು ನೋಡಿ. ಮುಂದಿನ ತಿಂಗಳೂ ಅದೇ ಮಕ್ಕಳ ನೋಟ್‌ಬುಕ್ ಬರಬೇಕು. ಶಿಕ್ಷಕರಿಗೆ ಯೋಜನೆ ಮಾಡೋದು ಬರಬೇಕಂದ್ರೆ, ಸಿದ್ಧ ಯೋಜನೆ ಹಂಚಿದರೆ ಬರಲ್ಲ. ಒಂದು ಮಗುವಿನ ಬರಹ ಮುಂದಿಟ್ಟುಕೊಂಡು 'ಇದಕ್ಕೆ ನಾಳೆ ಏನು ಕೊಡೋಣ' ಅಂತ ನಾಲ್ಕು ಜನ ತಲೆ ಕೆಡಿಸಿಕೊಂಡಾಗ ಬರುತ್ತೆ.

ಪ್ರಶ್ನೆ: ನಮ್ಮದು ಏಕೋಪಾಧ್ಯಾಯ ಶಾಲೆ. ಒಂದರಿಂದ ಐದನೇ ತರಗತಿವರೆಗೆ ಒಟ್ಟು ಒಂಬತ್ತು ಮಕ್ಕಳು. ನೀವು ಹೇಳುವ ಭಾಷಾ ಕಾರ್ಯಕ್ರಮ ಎಲ್ಲ ದೊಡ್ಡ ಶಾಲೆಗೆ ಸರಿ, ನಾನು ಐದು ಯೋಜನೆ ಮಾಡಲಾ?
– ಶಿಕ್ಷಕರು, ಹೊಸನಗರ ತಾಲೂಕು

ಉತ್ತರ: ಐದು ಮಾಡಿದರೆ ನೀವು ಉಳಿಯಲ್ಲ ಮೇಷ್ಟ್ರೇ. ವಿಷಯ ಒಂದೇ ಇರಲಿ, ಕೆಲಸ ಬೇರೆ ಬೇರೆ ಕೊಡಿ. ನಿಮ್ಮ ಊರಲ್ಲಿ ಈಗ ಅಡಿಕೆಗೆ ಔಷಧಿ ಹೊಡೆಯುವ ಸಮಯ ಅಲ್ವಾ? ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡೋದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಒಂದೇ ಸುತ್ತಿನಲ್ಲಿ ಎಲ್ಲರನ್ನೂ ಕೂರಿಸಿ ಮಾತಾಡಿಸಿ. ಒಂದನೇ ತರಗತಿಯವರು ದೋಟಿ, ಗೊನೆ, ಮರ ಚಿತ್ರ ಬರೆದು ಹೆಸರು ಹೇಳಲಿ, ನೀವು ಕೆಳಗೆ ಬರೆದು ಕೊಡಿ. ಎರಡು ಮೂರರವರು ಎರಡೆರಡು ವಾಕ್ಯ. ನಾಲ್ಕನೆಯವರು ಮನೆಯಲ್ಲಿ ಅಪ್ಪನನ್ನೋ ದೊಡ್ಡಪ್ಪನನ್ನೋ ಕೇಳಿಕೊಂಡು ಬಂದು ಸಂದರ್ಶನದ ಹಾಗೆ ಬರೆಯಲಿ.

ಐದನೆಯವರಿಗೆ ಕಷ್ಟದ್ದು: ದ್ರಾವಣ ಮಾಡುವ ವಿಧಾನವನ್ನು, ಗೊತ್ತಿಲ್ಲದವರು ಓದಿದರೂ ತಪ್ಪದ ಹಾಗೆ ಬರೆಯೋದು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಅಂತ ಯಾರಾದರೂ ಹೇಳಿಯಾರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕಬ್ಬಿಣದ ಪಾತ್ರೆ ಆಗದು, ಇದೆಲ್ಲ ಬಿಟ್ಟುಹೋಗುತ್ತೆ. ಬಿಟ್ಟುಹೋದದ್ದನ್ನು ಹಿಡಿಯುವವರು ಯಾರು? ಮೂರನೇ ತರಗತಿಯ ಪೋರ. 'ಅಣ್ಣಾ, ಯಾವುದನ್ನು ಯಾವುದಕ್ಕೆ ಹೊಯ್ಯೋದು ಅಂತ ಬರೆದೇ ಇಲ್ಲ' ಅಂತಾನೆ. ಹೀಗೆ ತಿದ್ದುವ ಓದುಗ, ಮಕ್ಕಳನ್ನು ತರಗತಿವಾರು ಬೇರೆ ಬೇರೆ ಕೋಣೆಯಲ್ಲಿ ಕೂರಿಸುವ ದೊಡ್ಡ ಶಾಲೆಯಲ್ಲಿ ಸಿಗಲ್ಲ. ನಿಮ್ಮಲ್ಲಿ ಪಕ್ಕದಲ್ಲೇ ಕೂತಿದ್ದಾನೆ. (ಬರೆಯೋದು ಮಾತ್ರ, ಮೈಲುತುತ್ತ ಶಾಲೆಗೆ ತರಿಸಬೇಡಿ.)

ಪ್ರಶ್ನೆ: ನಾನು ಮೈಸೂರು ಕಡೆಯವಳು, ಕೆಲಸ ಸಿಕ್ಕಿದ್ದು ತೀರ್ಥಹಳ್ಳಿಯಲ್ಲಿ. ಮಕ್ಕಳು ಏನು ಅನ್ನೋದಕ್ಕೆ 'ಎಂಥ' ಅಂತಾರೆ, ಹವ್ಯಕರ ಮಕ್ಕಳು ನಾನು ಅನ್ನೋದಕ್ಕೆ 'ಆನು' ಅಂತಾರೆ. ಶುದ್ಧ ಕನ್ನಡ ಕಲಿಸೋದು ಹೇಗೆ?

ಉತ್ತರ: ಎಂಥದು ಶುದ್ಧ ಕನ್ನಡ? 'ಆನು' ಹಳಗನ್ನಡದಲ್ಲೇ ಇರುವ ಪದ ಮಾರಾಯ್ರೆ, ನಮ್ಮ ನಿಮ್ಮ 'ನಾನು'ವಿಗಿಂತ ಹಿರಿಯದು. ಮಾತಾಡುವಾಗ ತಿದ್ದಲೇಬೇಡಿ, ತಿದ್ದಿದರೆ ಮಗು ಮುಂದಿನ ವಾಕ್ಯ ಹೇಳೋದಿಲ್ಲ. ಬೋರ್ಡಿನಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ ಮನೆ ಮಾತು, ಇನ್ನೊಂದು ಕಡೆ ಪುಸ್ತಕದ ಮಾತು ಬರೀರಿ. ಮೂರನೇ ಸಾಲಿಗೆ ನಿಮ್ಮ ಮೈಸೂರು ಮಾತನ್ನೂ ಸೇರಿಸಿ, ಮಕ್ಕಳಿಗೆ ನಗೋಕೆ ಏನಾದರೂ ಬೇಕಲ್ಲ.

ಪ್ರಶ್ನೆ: ಶಾಲೆಗೆ ಕಥೆಪುಸ್ತಕ ಬಂದಿವೆ. ಹರಿದರೆ ಲೆಕ್ಕ ಕೊಡಬೇಕು ಅಂತ ಮುಖ್ಯ ಶಿಕ್ಷಕರು ಬೀರುವಿಗೆ ಬೀಗ ಹಾಕಿಟ್ಟಿದ್ದಾರೆ. ಓದಿನ ಕಾರ್ಯಕ್ರಮ ಮಾಡು ಅಂತಲೂ ಅವರೇ ಹೇಳುತ್ತಾರೆ.
– ಹೊಸದಾಗಿ ಸೇರಿದ ಶಿಕ್ಷಕ, ಸೊರಬ ತಾಲೂಕು

ಉತ್ತರ: ಜಗಳಕ್ಕೆ ಹೋಗಬೇಡಿ. ಒಂದು ದಿನ ಬಿಸಿಲು ಬಿದ್ದಾಗ 'ಸರ್, ಪುಸ್ತಕ ಒಮ್ಮೆ ಬಿಸಿಲಿಗೆ ಹಾಕೋಣ್ವಾ' ಅಂತ ಕೇಳಿ ಬೀರು ತೆಗೆಸಿ. ನಮ್ಮ ಕಡೆ ಜೂನ್‌ನಿಂದ ಮುಚ್ಚಿಟ್ಟ ಬೀರು ಶ್ರಾವಣದಲ್ಲಿ ತೆಗೆದರೆ ಹೇಗಿರುತ್ತೆ ಅಂತ ಗೊತ್ತಲ್ಲ, ರಟ್ಟಿನ ಮೇಲೆಲ್ಲ ಬೂಷ್ಟು. ಅದನ್ನು ಮುಖ್ಯ ಶಿಕ್ಷಕರೇ ಕೈಯಾರೆ ಒರೆಸಲಿ. ಆಮೇಲೆ ಜಗಲಿಯಲ್ಲಿ ಎರಡು ಕಂಬಕ್ಕೆ ಒಂದು ಹಗ್ಗ ಕಟ್ಟಿ, ಪುಸ್ತಕಗಳನ್ನು ನಡುಮಧ್ಯಕ್ಕೆ ಬಿಚ್ಚಿ ನೇತುಹಾಕಿ, ಗಾಳಿ ಆಡಲಿ ಅಂತ ಹೇಳಿ. ಒಂದು ವಹಿ ಇಟ್ಟು, ಯಾರು ಯಾವ ಪುಸ್ತಕ ತಗೊಂಡರು ಅಂತ ಬರೆಯುವ ಕೆಲಸ ಐದನೇ ತರಗತಿಯ ಇಬ್ಬರಿಗೆ ವಹಿಸಿ. ಹರಿದದ್ದಕ್ಕೆ ಗೋಂದು, ಬಿಳಿ ಕಾಗದ ಅಲ್ಲೇ ಒಂದು ಡಬ್ಬಿಯಲ್ಲಿ ಇರಲಿ. ಸಂಜೆ ಪುಸ್ತಕ ಒಳಗಿಡುವಾಗ ಬೀಗದ ಕೈ ನಿಮ್ಮ ಹತ್ತಿರ ಉಳಿದುಬಿಟ್ಟರೆ, ವಾಪಸ್ ಕೊಡೋಕೆ ಅವಸರ ಮಾಡಬೇಡಿ.